ವಿಕಟಕವಿ ತಿರುಗಿಸಿದ್ರೆ ವಿಕಟಕವಿ ಬರಲಿಲ್ಲ

ಹೋದ ತಿಂಗಳು ಶಿವಮೊಗ್ಗದಲ್ಲಿ ನಮ್ಮಂಥ ಇಂಜಿನಿಯರಿಂಗ್ ಕಾಲೇಜು ಮೇಷ್ಟ್ರುಗಳ ಒಂದು ಸಣ್ಣ ಗುಂಪಿನ ಮುಂದೆ, ಕನ್ನಡದಂಥ ಭಾಷೆಗೂ ಒಗ್ಗೋ ಹಾಗೆ ಸಾಫ್ಟ್‌ವೇರ್ ಕಟ್ಟೋದನ್ನ ಮಕ್ಕಳಿಗೆ ಹೇಗೆ ಕಲಿಸೋದು ಅಂತ ಮಾತಾಡಿದ್ದೆ. ಹೊರಗೆ ಧೋ ಅಂತ ಮಳೆ, ತಗಡಿನ ಶೀಟಿನ ಸದ್ದಿಗೆ ಹಿಂದಿನ ಸಾಲಿನವರಿಗೆ ಅರ್ಧ ಕೇಳಿಸಲಿಲ್ಲವಂತೆ, ಬರೆದು ಹಾಕಿ ಮೇಡಂ ಅಂದ್ರು. ಹಾಗಾಗಿ ಇದು. ಮಾತಾಡಿದ ಹಾಗೇ ಬರೆದಿದೀನಿ, ಅಲ್ಲಲ್ಲಿ ಹೇಳಲು ಮರೆತಿದ್ದನ್ನೂ ಸೇರಿಸಿದೀನಿ.

ಎರಡನೇ ಸೆಮಿಸ್ಟರ್ ಲ್ಯಾಬಲ್ಲಿ ಪ್ಯಾಲಿಂಡ್ರೋಮ್ ಪ್ರೋಗ್ರಾಂ ಎಲ್ಲರೂ ಮಾಡಿಸ್ತೀವಿ ಅಲ್ವಾ. ಮೇಡಂ, ಮಲಯಾಳಂ, ಲೆವೆಲ್ ಅಂತ ಇಂಗ್ಲಿಷಲ್ಲಿ ಕೊಡೋದು, ತಿರುಗಿಸಿ ನೋಡೋದು, ಒಂದೇ ಇದ್ರೆ ಹೌದು ಅನ್ನೋದು, ಮಾರ್ಕ್ಸ್ ಹಾಕೋದು. ಎರಡು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಸುಮ್ನೆ ತಮಾಷೆಗೆ ಅಂತ ಅದೇ ಪ್ರೋಗ್ರಾಮಿಗೆ ವಿಕಟಕವಿ ಅಂತ ಕೊಟ್ಟ. ಪ್ರೈಮರಿ ಶಾಲೆಲಿ ಎಲ್ಲ ಮಕ್ಕಳಿಗೂ ಗೊತ್ತಿರೋ ಪದ, ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಅದೇ. ಕಂಪ್ಯೂಟರ್ ಅಲ್ಲ ಅಂತು. ಅವನು ನನ್ನ ಕರೆದ, "ಮೇಡಂ ಇದು ಎಂತ ಕತೆ?" ಅಂದ. ತಿರುಗಿಸಿದ್ದನ್ನ ಪ್ರಿಂಟ್ ಮಾಡ್ಸು ಮಾರಾಯ ಅಂದೆ. ಮೊದಲಿಗೆ ಒಂದು ಚುಕ್ಕಿ ಚುಕ್ಕಿಯ ಸೊನ್ನೆ, ಅದರ ತಲೆ ಮೇಲೆ ಒಂದು ಅನಾಥ ಗುಡಿಸು, ಆಮೇಲೆ ವಕಟಕಿವ ಅಂತ ಬಂತು.

ಆಗಿದ್ದು ಇಷ್ಟೇ. ವಿ ಅನ್ನೋದು ನಮಗೆ ಒಂದು ಅಕ್ಷರ, ಯೂನಿಕೋಡಿಗೆ (ಪ್ರಪಂಚದ ಲಿಪಿಗಳ ಅಕ್ಷರಕ್ಕೆಲ್ಲ ಒಂದೊಂದು ಸಂಖ್ಯೆ ಕೊಟ್ಟಿರೋ ಪಟ್ಟಿ ಅದು) ಎರಡು ತುಂಡು, ವ ಒಂದು, ಗುಡಿಸು ಇನ್ನೊಂದು. ನಾವು ಐದು ಅಕ್ಷರ ಅಂತೀವಿ, ಒಳಗೆ ಏಳು ಕೂತಿದೆ. ಏಳನ್ನೂ ಹಿಂದುಮುಂದು ಮಾಡಿದಾಗ ಕೊನೆಯ ಗುಡಿಸು ಮೊದಲಿಗೆ ಬಂದು ಹಿಡಿಯೋಕೆ ಯಾರೂ ಇಲ್ಲದೆ ನಿಂತುಬಿಡ್ತದೆ, ಇನ್ನೊಂದು ಗುಡಿಸು ಪಕ್ಕದ ಕ ಮೇಲೆ ಹತ್ತಿ ಕೂರ್ತದೆ. ಪ್ರೋಗ್ರಾಂ ತಪ್ಪಿಲ್ಲ, ಪಠ್ಯಪುಸ್ತಕದಲ್ಲಿ ಇದ್ದ ಹಾಗೇ ಇದೆ. ಪಠ್ಯಪುಸ್ತಕ ಬರೆದವರಿಗೆ ಗುಡಿಸು ಗೊತ್ತಿರಲಿಲ್ಲ ಅಷ್ಟೇ. ಆವತ್ತು ಆ ಲ್ಯಾಬಲ್ಲಿ ಉಳಿದ ಒಂದೂವರೆ ಗಂಟೆ ನಾನು ಸಿಲಬಸ್ ಮಾಡಲಿಲ್ಲ, ಮಕ್ಕಳೂ ಎದ್ದು ಹೋಗಲಿಲ್ಲ, ಅದು ನಮ್ಮ ಲ್ಯಾಬಲ್ಲಿ ದೊಡ್ಡ ವಿಷಯ.

ಇಂಟರ್‌ನ್ಯಾಷನಲೈಸೇಷನ್ ಅಂತ ಒಂದು ಹೆಸರಿದೆ, ಇಂಥ ಎಡವಟ್ಟು ಆಗದ ಹಾಗೆ ಸಾಫ್ಟ್‌ವೇರ್ ಕಟ್ಟೋದಕ್ಕೆ. ಹೇಳಕ್ಕೆ ಉದ್ದ ಅಂತ ಇಂಗ್ಲಿಷಲ್ಲಿ ಮೊದಲ ಅಕ್ಷರ, ಕೊನೆ ಅಕ್ಷರ, ನಡುವೆ ಬಿಟ್ಟುಹೋದ 18 ಅಕ್ಷರದ ಲೆಕ್ಕ ಇಟ್ಟು ಐ18ಎನ್ ಅಂತಾರೆ. ನಮ್ಮಲ್ಲಿ ಈ ಪದ ಕೇಳಿದ ಕೂಡಲೇ ಮಕ್ಕಳು ತಿಳ್ಕೊಳ್ಳೋದು ಏನಂದ್ರೆ ಆ್ಯಪ್ ಎಲ್ಲ ಮುಗಿದ ಮೇಲೆ ಗೂಗಲ್ ಟ್ರಾನ್ಸ್‌ಲೇಟಿಗೆ ಹಾಕಿ ಕನ್ನಡ ಮಾಡೋದು ಅಂತ. ಅಲ್ಲ. ಅನುವಾದ ಮಾಡೋದು ಬೇರೆ ಕೆಲಸ, ಅದಕ್ಕೆ ಲೋಕಲೈಸೇಷನ್ ಅಂತಾರೆ. ಯಾವ ಭಾಷೆ ಬಂದ್ರೂ ಕೋಡ್ ಮುಟ್ಟದೆ ಅದಕ್ಕೆ ಜಾಗ ಇರೋ ಹಾಗೆ ಮೊದಲೇ ಕಟ್ಟೋದು ಐ18ಎನ್. ಮನೆ ಕಟ್ಟಿ ಆದ್ಮೇಲೆ ಗೋಡೆ ಒಡೆದು ಪೈಪ್ ಹಾಕೋದಕ್ಕೂ ಗಾರೆ ಮಾಡೋಕೆ ಮುಂಚೆ ಹಾಕೋದಕ್ಕೂ ಇರೋ ವ್ಯತ್ಯಾಸ.

ಸಿಲಬಸ್ಸಲ್ಲಿ ಇಲ್ವಲ್ಲ ಅಂತ ಕೇಳ್ತೀರಿ. 2004ರಲ್ಲಿ ಎಸಿಎಂ ಮತ್ತೆ ಐಇಇಇ ಕಂಪ್ಯೂಟರ್ ಸೊಸೈಟಿ ಅನ್ನೋ ಎರಡು ಅಂತರರಾಷ್ಟ್ರೀಯ ಕಂಪ್ಯೂಟರ್ ಸಂಘಗಳು ಸೇರಿ ಸಾಫ್ಟ್‌ವೇರ್ ಇಂಜಿನಿಯರಿಂಗ್ ಪದವಿಗೆ ಮಾಡಿದ ಮಾರ್ಗಸೂಚಿಲಿ ಇದು ಇದೆ, ಆದ್ರೆ ಯೂಸರ್ ಇಂಟರ್‌ಫೇಸ್ ವಿನ್ಯಾಸದ ಪಟ್ಟಿಲಿ ಒಂದು ಸಾಲು. ಅಲ್ಲಿಟ್ಟಿದ್ದೇ ನನ್ನ ತಕರಾರು. ಇಂಟರ್‌ಫೇಸ್ ಕೆಳಗೆ ಇಟ್ರೆ ಎಲ್ಲರೂ ಇದನ್ನ ಬಣ್ಣ ಬಳಿಯೋ ಕೆಲಸ ಅಂದ್ಕೊಳ್ತಾರೆ. ವಿಕಟಕವಿ ಎಲ್ಲಿ ಎಡವಿದ್ದು? ಸ್ಟ್ರಿಂಗ್ (ಅಕ್ಷರಗಳ ಸಾಲು) ಚಾಪ್ಟರಲ್ಲಿ, ಮೊದಲ ವರ್ಷ. ಹಾಗಾಗಿ ನಾನು ಹೇಳೋದು ಇದಕ್ಕೆ ಬೇರೆ ಪೇಪರ್ ಬೇಡ, ಎಲೆಕ್ಟಿವ್ ಬೇಡ, ಕೊನೆಯ ಯುನಿಟ್ ಅಂತೂ ಬೇಡವೇ ಬೇಡ (ಕೊನೆಯ ಯುನಿಟ್ ಯಾರು ಓದ್ತಾರೆ ಅಂತ ನಿಮಗೂ ಗೊತ್ತು ನನಗೂ ಗೊತ್ತು). ಈಗ ಮಾಡ್ತಿರೋ ಲ್ಯಾಬಲ್ಲೇ ಟೆಸ್ಟ್ ಡೇಟಾ ಬದಲಾಯಿಸಿ. ಜಾನ್, ಎಬಿಸಿ, ಟೆಸ್ಟ್123 ತೆಗೀರಿ, ನಮ್ಮ ಊರಿನ ಹೆಸರು ಹಾಕಿ. ಮಿಕ್ಕಿದ್ದು ತಾನೇ ಹೊರಗೆ ಬರ್ತದೆ.

ನಾನು ಈಗ ಮೊದಲ ವಾರವೇ ಒಂದು ಪ್ರಶ್ನೆ ಕೊಡ್ತೀನಿ. ಶಿವಮೊಗ್ಗ ಅನ್ನೋ ಪದದ ಉದ್ದ ಎಷ್ಟು? ಕಾಗದದ ಮೇಲೆ ಬರಿಯಿರಿ ಅಂದ್ರೆ ಎಲ್ಲರೂ ನಾಲ್ಕು ಅಂತ ಬರೀತಾರೆ, ಶಿ, ವ, ಮೊ, ಗ್ಗ. ಪೈಥಾನಲ್ಲಾಗಲಿ ಜಾವಾಸ್ಕ್ರಿಪ್ಟಲ್ಲಾಗಲಿ ಕೇಳಿದ್ರೆ 8. ಡಿಸ್ಕಲ್ಲಿ ಯುಟಿಎಫ್-8 ಅನ್ನೋ ಎನ್‌ಕೋಡಿಂಗಲ್ಲಿ (ಅಕ್ಷರವನ್ನ ಬೈಟಾಗಿ ಬರೆಯೋ ಕ್ರಮ) ಉಳಿಸಿದ್ರೆ 24 ಬೈಟ್, ಯಾಕಂದ್ರೆ ಕನ್ನಡದ ಒಂದೊಂದು ತುಂಡಿಗೂ ಮೂರು ಬೈಟ್. ಅಕ್ಷರದ ಗೊಂಚಲು ಎಣಿಸೋ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತಂದು ಹಾಕಿದ್ರೆ ಎಷ್ಟೋ ಸಲ 5 ಬರ್ತದೆ, ಗ್ಗ ಅನ್ನೋ ಒತ್ತಕ್ಷರವನ್ನ ಅದು ಎರಡಾಗಿ ಒಡೀತದೆ. ಇಷ್ಟಾದ್ಮೇಲೆ ಒಬ್ಬಳು ಹುಡುಗಿ ಎದ್ದು "ಮೇಡಂ ನಂಗೆ 9 ಬಂತು" ಅಂದ್ಲು, ಎಲ್ಲರೂ ನಕ್ಕರು. ಅವಳದ್ದೂ ಸರಿಯೇ. ಮೊ ಅನ್ನೋದರ ಸ್ವರ ಚಿಹ್ನೆಯನ್ನ ಯೂನಿಕೋಡಲ್ಲಿ ಎರಡು ಥರ ಬರೀಬಹುದು, ಒ ಚಿಹ್ನೆ ಒಂದೇ ತುಂಡಾಗಿ, ಇಲ್ಲಾ ಎ ಚಿಹ್ನೆ ಜೊತೆಗೆ ಊ ಚಿಹ್ನೆ ಸೇರಿಸಿ. ಸ್ಕ್ರೀನಲ್ಲಿ ಎರಡೂ ಒಂದೇ ಥರ ಕಾಣ್ತವೆ, ಕಣ್ಣಿಗೆ ಕೂದಲಷ್ಟೂ ವ್ಯತ್ಯಾಸ ಗೊತ್ತಾಗಲ್ಲ, ಆದ್ರೆ ಒಂದಕ್ಕೊಂದು ಸಮ ಇದೆಯಾ ಅಂತ ಕಂಪ್ಯೂಟರನ್ನ ಕೇಳಿದ್ರೆ ಇಲ್ಲ ಅಂತದೆ. ಒಬ್ಬರು ಒಂದು ಥರ ಸೇರಿಸಿದ ಶಿವಮೊಗ್ಗವನ್ನ ಇನ್ನೊಬ್ಬರು ಇನ್ನೊಂದು ಥರ ಹುಡುಕಿದ್ರೆ ಡೇಟಾಬೇಸಲ್ಲಿ ಶಿವಮೊಗ್ಗವೇ ಇಲ್ಲ! ನಾರ್ಮಲೈಸೇಷನ್ ಅನ್ನೋ ಪದವನ್ನ ಮಕ್ಕಳು ಡಿಬಿಎಂಎಸ್ (ಡೇಟಾಬೇಸ್) ಪೇಪರಲ್ಲಿ ಮಾತ್ರ ಕೇಳಿರ್ತಾರೆ, ಅಕ್ಷರಕ್ಕೂ ಒಂದು ನಾರ್ಮಲೈಸೇಷನ್ ಇದೆ, ಎರಡು ಥರ ಬರೆದದ್ದನ್ನ ಒಂದೇ ಥರಕ್ಕೆ ತರೋದು ಅಂತ ಇಲ್ಲಿ ಹೇಳೋದು, ಮರೆಯಲ್ಲ ಆಮೇಲೆ.

ನಾಲ್ಕು, ಐದು, ಎಂಟು, ಒಂಬತ್ತು, ಇಪ್ಪತ್ನಾಲ್ಕು. ಯಾವುದು ಸರಿ ಅಂತ ಕೇಳ್ತಾರೆ ಮಕ್ಕಳು, ಮಲ್ಟಿಪಲ್ ಚಾಯ್ಸ್ ಬರೆದು ಬೆಳೆದವರು ಪಾಪ. ಯಾರು ಕೇಳ್ತಿದ್ದಾರೆ ಅನ್ನೋದರ ಮೇಲೆ ಹೋಗ್ತದೆ. ಓದೋನು ಕೇಳಿದ್ರೆ ನಾಲ್ಕು, ಹಾರ್ಡ್ ಡಿಸ್ಕ್ ಕೇಳಿದ್ರೆ ಇಪ್ಪತ್ನಾಲ್ಕು, ಎಸ್ಸೆಮ್ಮೆಸ್ ಕಂಪನಿಯವನು ಕೇಳಿದ್ರೆ ಎಂಟು. ಎಸ್ಸೆಮ್ಮೆಸ್ ಅಂದಾಗ ನೆನಪಾಯ್ತು. ನಮ್ಮ ಕಡೆ ಜುಲೈ ಅಂದ್ರೆ ನಾಳೆ ಶಾಲೆಗೆ ರಜೆ ಇದೆಯಾ ಅಂತ ಕಾಯೋ ತಿಂಗಳು. ಒಂದು ಟೀಮು ಆ ಮೆಸೇಜ್ ಕಳ್ಸೋ ಮಿನಿ ಪ್ರಾಜೆಕ್ಟ್ ಮಾಡ್ತು, ಇಂಗ್ಲಿಷಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿಸ್ತದೆ ಅಂತ ಲೆಕ್ಕ ಹಾಕಿ ಬಜೆಟ್ ಬರೆದಿದ್ರು. ಕನ್ನಡದಲ್ಲಿ ಒಂದೇ ಒಂದು ಅಕ್ಷರ ಬಂದ್ರೂ ಇಡೀ ಮೆಸೇಜು ಬೇರೆ ಎನ್‌ಕೋಡಿಂಗಿಗೆ ಹೋಗಿ 70ಕ್ಕೆ ಇಳೀತದೆ, ಆ 70ರಲ್ಲೂ ಗುಡಿಸು ಕೊಂಬು ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ಉದ್ದ ಆಗಿ ತುಂಡು ತುಂಡಾಗಿ ಹೋದ್ರೆ ತುಂಡಿಗೆ 67. ಅವರ ಖರ್ಚು ಮೂರು ಪಟ್ಟಾಯ್ತು. ಸಾಫ್ಟ್‌ವೇರ್ ಇಂಜಿನಿಯರಿಂಗ್ ಪೇಪರಲ್ಲಿ ಕಾಸ್ಟ್ ಎಸ್ಟಿಮೇಷನ್ ಅಂತ ಪಾಠ ಮಾಡ್ತೀವಲ್ಲ, ಅಲ್ಲಿ ಇದಕ್ಕಿಂತ ಒಳ್ಳೆ ಉದಾಹರಣೆ ನಂಗಂತೂ ಸಿಕ್ಕಿಲ್ಲ.

ಈಗ ನನ್ನ ಸ್ವಂತ ಮಾನ ಕಳ್ಕೊಂಡ ಕತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುರುತಿನವರ ಒಂದು ಅಡಿಕೆ ಮಂಡಿಗೆ ತೂಕದ ಚೀಟಿ ಪ್ರಿಂಟ್ ಮಾಡೋ ಪ್ರೋಗ್ರಾಂ ಬರೆದುಕೊಟ್ಟೆ, ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ನಾಲ್ಕು ಬಗೆಗೆ ನಾಲ್ಕು ಕಾಲಂ, ಮೇಲೆ ಬೆಳೆಗಾರರ ಹೆಸರು, ತಾಲ್ಲೂಕು. ಇಂಗ್ಲಿಷಲ್ಲಿ ಟೆಸ್ಟ್ ಮಾಡಿದ್ದೆ, ನಮ್ಮ ಜಿಲ್ಲೆಯ ಏಳು ತಾಲ್ಲೂಕಿನ ಹೆಸರೂ 20ರೊಳಗೆ ಆರಾಮಾಗಿ ಕೂತಿದ್ವು, ಅದಕ್ಕೇ ಆ ಕಾಲಮ್ಮಿಗೆ 20 ಬೈಟ್ ಇಟ್ಟಿದ್ದೆ. ಅವರು ಕನ್ನಡದಲ್ಲಿ ತುಂಬಿಸಿದ್ರು. ಸಾಗರ, ಸೊರಬ, ಹೊಸನಗರ ಬದುಕಿದ್ವು. ತೀರ್ಥಹಳ್ಳಿ ಹೋಗಿ ತೀರ್ಥಹ ಆಯ್ತು, ಭದ್ರಾವತಿ ಭದ್ರಾವ ಆಯ್ತು, ಶಿವಮೊಗ್ಗ ಒತ್ತು ಕಳ್ಕೊಂಡು ಶಿವಮೊಗ ಆಯ್ತು, ಶಿಕಾರಿಪುರದವರ ಚೀಟಿ ಮೇಲೆ ಬರೀ ಶಿಕಾರಿ ಅಂತ ಬಂತು. ಜೊತೆಗೆ ಹೀಗೆ ತುಂಡಾದ ಪ್ರತಿಯೊಂದರ ಬಾಲಕ್ಕೂ ಒಂದು ಕರಿ ಹರಳಿನೊಳಗೆ ಪ್ರಶ್ನೆ ಗುರುತು, ಯಾಕಂದ್ರೆ 20ನ್ನ ಮೂರರಿಂದ ಭಾಗಿಸಿದ್ರೆ ಆರು ತುಂಡು ಹಿಡಿಸಿ ಎರಡು ಬೈಟ್ ಮಿಕ್ಕಿ ಏಳನೇ ತುಂಡು ಅರ್ಧಕ್ಕೆ ಮುರೀತದೆ. ಮಂಡಿಯ ಹಿರಿಯರು ಫೋನ್ ಮಾಡಿ "ಎಂತ ಮಾರಾಯ್ತಿ, ನಮ್ಮ ಗಿರಾಕಿನ ಕೋವಿ ಹಿಡಿಸಿ ಕಳಿಸಿದ್ಯಲ್ಲ" ಅಂದ್ರು. ಇನ್ನೊಂದೂ ಇತ್ತು, ಮೊತ್ತ 4,85,600 ಅಂತ ಬರಬೇಕಾದಲ್ಲಿ ನಾನು 485,600 ಅಂತ ಪ್ರಿಂಟ್ ಮಾಡಿಸಿದ್ದೆ. ಒಬ್ಬ ಅಜ್ಜ ಆ ಕಾಮಾ ಚಿಹ್ನೆ ನೋಡಿ ಲಕ್ಷ ಎಲ್ಲಿ ಸಾವಿರ ಎಲ್ಲಿ ಅಂತ ಗೊತ್ತಾಗದೆ ಚೀಟಿ ವಾಪಸ್ ಕೊಟ್ಟು ಕೈಯಲ್ಲಿ ಬರ್ಕೊಡಿ ಅಂದ್ರಂತೆ. ಲಕ್ಷಕ್ಕೆ ಎರಡಂಕಿಗೊಂದು ಕಾಮಾ ಹಾಕೋದು ಕೋಡಲ್ಲಿ ನಾವು ಬರೆಯೋ ಕೆಲಸವೇ ಅಲ್ಲ, ಯಾವ ದೇಶದವರು ಹೇಗೆ ಅಂಕಿ, ತಾರೀಕು, ಹಣ ಬರೀತಾರೆ ಅಂತ ಸಿಎಲ್‌ಡಿಆರ್ ಅನ್ನೋ ಒಂದು ಸಾರ್ವಜನಿಕ ಭಂಡಾರ ಇದೆ, ಐಸಿಯು ಲೈಬ್ರರಿ ಅದನ್ನ ಬಳಸ್ತದೆ, ನಾವು ಲೊಕೇಲ್ (ಯಾವ ಭಾಷೆ, ಯಾವ ದೇಶ ಅಂತ) ಹೇಳಿದ್ರೆ ಸಾಕು. ಆಗ ನಂಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಎರಡು ವರ್ಷ ಎಂಟೆಕ್ ಮಾಡಿ ಗೊತ್ತಿರಲಿಲ್ಲ, ಒಬ್ಬ ಮೇಷ್ಟ್ರೂ ಹೇಳಿರಲಿಲ್ಲ.

ಅದೇ ಮಂಡಿಯ ಹಳೇ ಫೈಲುಗಳದ್ದು ಇನ್ನೊಂದು ರಾಮಾಯಣ. ಯೂನಿಕೋಡಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ, ಆದ್ರೂ ನಮ್ಮ ಆಫೀಸುಗಳಲ್ಲಿ, ಪ್ರೆಸ್ಸುಗಳಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದ್ದು ನುಡಿ, ಬರಹ ಅನ್ನೋ ಕನ್ನಡ ತಂತ್ರಾಂಶಗಳ ಹಳೇ ಫಾಂಟಲ್ಲಿ. ಅಲ್ಲಿ ಕಣ್ಣಿಗೆ ಕನ್ನಡ ಅಂತ ಕಾಣ್ತದೆ, ಒಳಗೆ ಇರೋದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರೋ ಎ, ಬ್ರಿಟನ್ನಿನ ಪೌಂಡ್ ಗುರುತು. ಫಾಂಟ್ ತೆಗೆದ್ರೆ ವೇಷ ಕಳಚಿದ ಹಾಗೆ. ಆ ತಂತ್ರಾಂಶಗಳನ್ನ ಬೈಯ್ತಿಲ್ಲ, ಅವು ಇಲ್ಲದಿದ್ರೆ ಆ ಕಾಲದಲ್ಲಿ ಕಂಪ್ಯೂಟರಲ್ಲಿ ಕನ್ನಡ ಅಷ್ಟು ಬಳಕೆಗೆ ಬರ್ತಿರಲಿಲ್ಲ. ಆದ್ರೆ ಅಕ್ಷರ ಬೇರೆ, ಅಕ್ಷರದ ಚಿತ್ರ ಬೇರೆ ಅಂತ ಪಾಠ ಮಾಡೋಕೆ ಒಂದು ಹಳೇ ಫೈಲ್ ತೆಗೆದು ಫಾಂಟ್ ಬದಲಾಯಿಸಿ ತೋರಿಸಿದ್ರೆ ಹತ್ತು ಸ್ಲೈಡು ಉಳೀತದೆ.

ರೆಗ್ಯುಲರ್ ಎಕ್ಸ್‌ಪ್ರೆಷನ್ (ಪಠ್ಯದಲ್ಲಿ ಒಂದು ನಮೂನೆ ಹುಡುಕೋ ಸೂತ್ರ) ಪಾಠದಲ್ಲೂ ಹಾಗೇ. ಪದ ಹುಡುಕೋಕೆ ಎಲ್ಲರೂ ಬಳಸೋ ಆ ಡಬ್ಲ್ಯೂ ಸಂಕೇತ ಇದೆಯಲ್ಲ, ಪೈಥಾನಲ್ಲಿ ಶಿವಮೊಗ್ಗದ ಮೇಲೆ ಓಡಿಸಿ ನೋಡಿ. ಶ, ವಮ, ಗ, ಗ ಅಂತ ನಾಲ್ಕು ಚೂರು ಬರ್ತದೆ, ಗುಡಿಸು, ಒ ಚಿಹ್ನೆ, ಒತ್ತಿನ ಗುರುತು ಅದರ ಲೆಕ್ಕದಲ್ಲಿ ಅಕ್ಷರಗಳೇ ಅಲ್ಲ. ಹೆಸರಿನ ಕಾಲಮ್ಮಲ್ಲಿ ಬರೀ ಅಕ್ಷರ ಇದೆಯಾ ಅಂತ ಪರೀಕ್ಷೆ ಮಾಡೋ ಕೋಡ್ ಕನ್ನಡದ ಮುಕ್ಕಾಲು ಪಾಲು ಹೆಸರನ್ನ ಹೊರಗೆ ಹಾಕ್ತದೆ. ಹೆಸರು ಅಂದ ಕೂಡಲೇ ಲಾಸ್ಟ್ ನೇಮ್ ಕಡ್ಡಾಯ ಅನ್ನೋ ಆ ಕೆಂಪು ಗುರುತು. ನಮ್ಮ ಕ್ಲಾಸಲ್ಲಿ ಅರ್ಧ ಮಕ್ಕಳಿಗೆ ಲಾಸ್ಟ್ ನೇಮೇ ಇಲ್ಲ, ಮುಂದೆ ಊರಿನದ್ದೊಂದು ಅಪ್ಪನದ್ದೊಂದು ಇನಿಷಿಯಲ್ಲು, ಆಮೇಲೆ ಹೆಸರು, ಮುಗೀತು. ಫಾರಂ ಕೇಳ್ತದೆ ಅಂತ ಒಂದು ಕಡೆ ಇನಿಷಿಯಲ್ ಹಾಕ್ತಾರೆ, ಇನ್ನೊಂದು ಕಡೆ ಅಪ್ಪನ ಹೆಸರು, ಮತ್ತೊಂದು ಕಡೆ ಚುಕ್ಕಿ, ಕೊನೆಗೆ ಮಾರ್ಕ್ಸ್ ಕಾರ್ಡಿಗೂ ಆಧಾರಿಗೂ ತಾಳೆ ಆಗದೆ ಅಫಿಡವಿಟ್ ಮಾಡಿಸೋಕೆ ಕೋರ್ಟಿನ ಹತ್ರ ನಿಂತಿರ್ತಾರೆ. ಇಷ್ಟು ಅನುಭವಿಸಿದ ಅದೇ ಮಕ್ಕಳು ಪ್ರಾಜೆಕ್ಟಿಗೆ ಫಾರಂ ಮಾಡುವಾಗ ಮೊದಲು ಹಾಕೋದು ಯಾವುದು? ಫಸ್ಟ್ ನೇಮ್, ಲಾಸ್ಟ್ ನೇಮ್, ಎರಡಕ್ಕೂ ಕೆಂಪು ನಕ್ಷತ್ರ. ಬೇಜಾರಾಗ್ತದೆ ನಂಗೆ.

ಇನ್ನು ವಾಕ್ಯ ಕಟ್ಟೋದು. ಇದಕ್ಕೆ ನಾನು ಜಾಸ್ತಿ ಹೊತ್ತು ತಗೊಳ್ತೀನಿ ಕ್ಲಾಸಲ್ಲಿ. ಬಸ್ ಟಿಕೆಟ್ ಪ್ರೋಗ್ರಾಂ, ಊರಿನ ಹೆಸರು ತಗೊಂಡು ಅದಕ್ಕೆ 'ಗೆ' ಅಂಟಿಸಿ 'ಹೋಗುವ ಬಸ್' ಅಂತ ಸೇರಿಸೋದು. ಭದ್ರಾವತಿಗೆ ಸರಿ, ತೀರ್ಥಹಳ್ಳಿಗೆ ಸರಿ. ಸಾಗರಗೆ? ಸೊರಬಗೆ? ಹೊಸನಗರಗೆ? ಮಕ್ಕಳು ಓದ್ಕೊಂಡು ನಗ್ತಾರೆ. ಏಳು ತಾಲ್ಲೂಕಲ್ಲಿ ಐದಕ್ಕೆ ತಪ್ಪು. ಸರಿ ಅ ಕಾರದಲ್ಲಿ ಮುಗಿದ್ರೆ ಕ್ಕೆ, ಇಲ್ಲಾಂದ್ರೆ ಗೆ ಅಂತ ಇಫ್ ಎಲ್ಸ್ ಬರೀತಾರೆ, ಬುದ್ಧಿವಂತರು. ಆಗುಂಬೆಗೆ ಸರಿ ಬರ್ತದೆ. ಬೆಂಗಳೂರುಗೆ ಅಂತ ಬಂದಾಗ ಮತ್ತೆ ನಗು, ಅಲ್ಲಿ ಉ ಹೋಗಿ ಇ ಬರಬೇಕು, ಬೆಂಗಳೂರಿಗೆ. ಇನ್ನೊಂದು ಇಫ್. ಆಮೇಲೆ ನಾನು ಜನರ ಹೆಸರು ಕೊಡ್ತೀನಿ, ಊರಾದ್ರೆ ಸಾಗರಕ್ಕೆ, ಅದೇ ಸಾಗರ ಅನ್ನೋ ಹುಡುಗ ಆದ್ರೆ ಸಾಗರನಿಗೆ. ಹೆಸರು ಊರಿನದ್ದೋ ಮನುಷ್ಯನದ್ದೋ, ಗಂಡೋ ಹೆಣ್ಣೋ ಅಂತ ಕೋಡಿಗೆ ಹೇಗೆ ಗೊತ್ತಾಗಬೇಕು? ಅಲ್ಲಿಗೆ ಎಲ್ಲರೂ ಕೈ ಚೆಲ್ತಾರೆ. ಆಗ ಕಿಟಕಿಯಿಂದ ಹೊರಗೆ ತೋರಿಸ್ತೀನಿ, ನಮ್ಮ ಕಾಲೇಜಿನ ಮುಂದೆ ಬಸ್ಸು ನಿಲ್ತದೆ, ಬೋರ್ಡಲ್ಲಿ ಏನಿದೆ ನೋಡಿ ಅಂತ. ಶಿವಮೊಗ್ಗ, ಒಂದು ಗೆರೆ, ಸಾಗರ. ವಿಭಕ್ತಿಯೇ ಇಲ್ಲ! ಬೋರ್ಡ್ ಬರೆದ ಪೇಂಟರ್ ಐ18ಎನ್ ಓದಿರಲಿಲ್ಲ, ಆದ್ರೆ ಯಾವ ಊರು ಬಂದ್ರೂ ಕೆಡದ ಹಾಗೆ ಬರೆದಿದ್ದಾನೆ. 'ಹೋಗುವ ಊರು: ಸಾಗರ' ಅಂತ ಹೆಸರನ್ನ ಹಾಗೇ ಬಿಡೋ ಥರ ವಾಕ್ಯವನ್ನೇ ಬದಲಾಯಿಸೋದು, ಆಗದಿದ್ರೆ ಇಡೀ ವಾಕ್ಯವನ್ನ ಅನುವಾದ ಮಾಡೋರ ಕೈಗೆ ಕೊಡೋದು, ತುಂಡು ತುಂಡು ಅಂಟಿಸೋದು ಮಾತ್ರ ಬೇಡ.

ಬಹುವಚನವೂ ಹಾಗೇ, ಒಂದಾದ್ರೆ ಹೀಗೆ ಇಲ್ಲದಿದ್ರೆ ಹಾಗೆ ಅಂತ ಇಂಗ್ಲಿಷಿನ ಲೆಕ್ಕದಲ್ಲಿ ಬರೆದುಬಿಡ್ತಾರೆ. ನಾವು ಮೂರು ದಿನ ಅಂತೀವಿ, ಮೂರು ದಿನಗಳು ಅಂತ ಮನೇಲಿ ಯಾರೂ ಅನ್ನಲ್ಲ. ರಷ್ಯನ್ನಲ್ಲಿ 21ಕ್ಕೆ ಒಂದರ ರೂಪವೇ ಬರ್ತದೆ, ಅರಬ್ಬಿಲಿ ಆರು ಥರ ಇದೆ, ಜಪಾನಿಲಿ ಒಂದೇ. ಇದನ್ನ ಬಾಯಿಪಾಠ ಮಾಡಿಸಬೇಡಿ, ಲೈಬ್ರರಿಲಿ ಇದೆ ಅಂತ ಗೊತ್ತಿದ್ರೆ ಸಾಕು.

ಅಕಾರಾದಿ ವಿಂಗಡಣೆಗೆ ಎರಡೇ ಪದ ಕೊಡಿ, ಕಳಸ ಮತ್ತೆ ಕವಲೇದುರ್ಗ. ವರ್ಣಮಾಲೆಲಿ ಳ ಬರೋದು ಹ ಆದ್ಮೇಲೆ, ಹಾಗಾಗಿ ಕವಲೇದುರ್ಗ ಮೊದಲು. ಯೂನಿಕೋಡಿನ ಸಂಖ್ಯೆಲಿ ಳ ಕೂತಿರೋದು ಲ ಪಕ್ಕ, ವ ಗಿಂತ ಮುಂಚೆ, ಹಾಗಾಗಿ ಬಬಲ್ ಸಾರ್ಟ್ ಬರೆದ್ರೆ ಕಳಸ ಮೇಲೆ ಬರ್ತದೆ. ನಮ್ಮ ಸಾರ್ಟಿಂಗ್ ಲ್ಯಾಬಿಗೆ ಒಂದು ಸಾಲಿನ ಖರ್ಚು.

ಸ್ಕ್ರೀನ್ ವಿಷಯ ಬೇಗ ಹೇಳಿ ಮುಗಿಸ್ತೀನಿ. ಬಟನ್ನಿನ ಎತ್ತರ ಗಟ್ಟಿ ಮಾಡಿಟ್ರೆ ಕೆಳಗೆ ಇಳಿಯೋ ಒತ್ತು ಕತ್ತರಿಸಿ ಹೋಗ್ತದೆ. ಬಲದಿಂದ ಎಡಕ್ಕೆ ಓದೋ ಭಾಷೆ ಟೆಸ್ಟ್ ಮಾಡೋಕೆ ದುಬೈಗೆ ಹೋಗಬೇಕಿಲ್ಲ, ನಮ್ಮ ಕ್ಲಾಸಲ್ಲೇ ಉರ್ದು ಓದೋ ಬರೆಯೋ ಮಕ್ಕಳಿದ್ದಾರೆ, ಅವರನ್ನ ಕೂರಿಸಿ. ಅನುವಾದ ಇನ್ನೂ ಬಂದಿಲ್ಲ ಅಂದ್ರೆ ಇಂಗ್ಲಿಷ್ ಅಕ್ಷರಕ್ಕೇ ಕೊಂಬು ಬಾಲ ಹಚ್ಚಿ, ಉದ್ದ ಎಳೆದು ಸುಳ್ಳು ಭಾಷೆ ಮಾಡಿ ಓಡಿಸಿದ್ರೆ ಎಲ್ಲೆಲ್ಲಿ ಕೋಡಲ್ಲೇ ಪದ ಬರೆದಿಟ್ಟಿದ್ದಾರೆ ಅಂತ ಐದು ನಿಮಿಷಕ್ಕೆ ಗೊತ್ತಾಗ್ತದೆ. ಟೈಮ್ ಝೋನ್ ನಮ್ಮ ಮಕ್ಕಳಿಗೆ ಅನುಭವಕ್ಕೇ ಬಂದಿರಲ್ಲ, ದೇಶಕ್ಕೆಲ್ಲ ಒಂದೇ ಗಡಿಯಾರ. ಆದ್ರೆ ಗಂಟೆಯ ವ್ಯತ್ಯಾಸವನ್ನ ಪೂರ್ಣಾಂಕದಲ್ಲಿ ಇಟ್ಟ ಟೀಮಿಗೆ ನಮ್ಮದೇ ಐದೂವರೆ ಹಿಡಿಸಲಿಲ್ಲ.

ಮಿನಿ ಪ್ರಾಜೆಕ್ಟಿಗೆ ಈಗ ನಾನು ಹಾಕೋ ಷರತ್ತು ಇಷ್ಟೇ, ಎರಡು ಭಾಷೆಲಿ ಓಡಬೇಕು, ಮತ್ತೆ ಎರಡನೇ ಭಾಷೆಯ ಫೈಲನ್ನ ಬೇರೆ ಟೀಮಿನವರು ತುಂಬಬೇಕು, ಕೋಡ್ ನೋಡದೆ. ಹೋದ ಸಲ ಒಂದು ಟೀಮು ಫೈಲಲ್ಲಿ ಬರೀ ಪದ ಕೊಟ್ಟಿತ್ತು, ವಿವರಣೆ ಇಲ್ಲ. ಸೇವ್ ಅನ್ನೋದಕ್ಕೆ ಆ ಕಡೆಯವರು 'ಕಾಪಾಡಿ' ಅಂತ ಬರೆದ್ರು, ಆರ್ಡರ್ ಅನ್ನೋದಕ್ಕೆ 'ಅಪ್ಪಣೆ'. ಡೆಮೋ ದಿನ ಊಟದ ಆ್ಯಪ್ ತೆರೆದ್ರೆ ನೀರುದೋಸೆ ಪಕ್ಕ ಅಪ್ಪಣೆ, ಕೆಳಗೆ ಕಾಪಾಡಿ. ಇಡೀ ಲ್ಯಾಬು ಬಿದ್ದು ಬಿದ್ದು ನಕ್ತು, ಮಾರನೇ ದಿನ ಆ ಟೀಮಿನವರು ಪ್ರತಿ ಸಾಲಿಗೂ ಇದು ಎಲ್ಲಿ ಬರ್ತದೆ, ಬಟನ್ನೋ ಶೀರ್ಷಿಕೆಯೋ ಅಂತ ಟಿಪ್ಪಣಿ ಬರೆದಿದ್ರು. ಡಾಕ್ಯುಮೆಂಟೇಷನ್ ಯಾಕೆ ಬೇಕು ಅಂತ ನಾನು ಹೇಳಿದಾಗ ಯಾರೂ ಕೇಳಿಸ್ಕೊಂಡಿರಲಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದ್ವು. ಪ್ಲೇಸ್‌ಮೆಂಟಿಗೆ ಬರೋ ಕಂಪನಿಯವರು ಇದನ್ನೆಲ್ಲ ಕೇಳ್ತಾರಾ ಅಂತ ಒಬ್ಬರು. ಇಂಟರ್‌ವ್ಯೂಲಿ ಸ್ಟ್ರಿಂಗ್ ತಿರುಗಿಸು ಅಂತ ಈಗಲೂ ಕೇಳ್ತಾರೆ ಸರ್, ನಮ್ಮ ಹುಡುಗ ಯಾವ ಭಾಷೆಯ ಸ್ಟ್ರಿಂಗ್ ಅಂತ ತಿರುಗಿ ಕೇಳಲಿ ಅಂದೆ. ನಮಗೇ ಕನ್ನಡ ಟೈಪಿಂಗ್ ಬರಲ್ವಲ್ಲ ಮೇಡಂ ಅಂತ ಇನ್ನೊಬ್ಬರು, ಪ್ರಾಮಾಣಿಕರು, ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ, ಫೋನಲ್ಲಿ ಹೆಂಡತಿಗೆ ಮೆಸೇಜ್ ಯಾವುದರಲ್ಲಿ ಮಾಡ್ತೀರಿ ಅಂತ ಕೇಳಿದೆ ಅಷ್ಟೇ.

ಕೊನೆಗೆ ಎದ್ದು ನಿಂತವರು ಒಬ್ಬ ಕನ್ನಡ ಮೇಡಂ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಸಾಂಸ್ಕೃತಿಕ ಕನ್ನಡ ಅಂತ ಒಂದು ಪೇಪರ್ ಇದೆಯಲ್ಲ, ಹೊರಗಿನಿಂದ ಬಂದವರಿಗೆ ಬಳಕೆ ಕನ್ನಡ, ಅದನ್ನ ಪಾಠ ಮಾಡೋರು. ಅದೇ ಮಕ್ಕಳು, ಅದೇ ಕಟ್ಟಡ, ನನ್ನ ಲ್ಯಾಬಿಂದ ಅವರ ಕ್ಲಾಸಿಗೆ ಒಂದು ಮಹಡಿ ಮೆಟ್ಟಿಲು, ಇಷ್ಟು ವರ್ಷ ನಾನು ಒಂದು ಸಲವೂ ಹತ್ತಿರಲಿಲ್ಲ. "ಪ್ರೋಗ್ರಾಂ ನಂಗೆ ಬರಲ್ಲಮ್ಮ" ಅಂದ್ರು, "ಆದ್ರೆ ನೀನು ಆ ಗೆ, ಕ್ಕೆ ಅಂತ ಒದ್ದಾಡಿದ್ಯಲ್ಲ, ಅದು ಚತುರ್ಥಿ ವಿಭಕ್ತಿ. ಯಾವ ಪದಕ್ಕೆ ಯಾವುದು ಬರ್ತದೆ ಅಂತ ಒಂದು ಗಂಟೆ ಪಾಠ ಮಾಡಬಹುದು." ಮಂಗಳವಾರ ಮಧ್ಯಾಹ್ನದ ಲ್ಯಾಬಿಗೆ ಬರ್ತೀನಿ ಅಂದಿದ್ದಾರೆ. ಪ್ರೊಜೆಕ್ಟರ್ ಬೇಡವಂತೆ, ಚಾಕ್‌ಪೀಸ್ ಇಟ್ಟಿರು ಅಂದ್ರು. ನಮ್ಮ ಲ್ಯಾಬಲ್ಲಿ ಕರಿ ಹಲಗೆ ಇಲ್ಲ, ವೈಟ್ ಬೋರ್ಡು, ಈಗ ಎಲ್ಲಿಂದಾದ್ರೂ ಒಂದು ತರಿಸಬೇಕು.